ಅಮ್ಮನ ಸೊಂಟನೋವಿಗೆ ಸೂಜಿ ಚುಚ್ಚಿಸಬಹುದೇ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ಅಮ್ಮನಿಗೆ 62 ವರ್ಷ, ಎರಡು ವರ್ಷದಿಂದ ಸೊಂಟನೋವು. ವಯಸ್ಸಿನ ಸವೆತ, ಆಪರೇಷನ್ ಬೇಡ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ನಮ್ಮೂರಲ್ಲಿ ಒಬ್ಬರು ಅಕ್ಯುಪಂಕ್ಚರ್ ಮಾಡುತ್ತಾರೆ. ಹತ್ತು ಸಲ ಬಂದರೆ ಬೇರುಸಹಿತ ವಾಸಿ ಎನ್ನುತ್ತಾರೆ. ಅಮ್ಮನಿಗೆ ಸೂಜಿ ಎಂದರೆ ಭಯ. ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ಮಾತ್ರೆಯನ್ನೂ ನುಂಗುತ್ತಾರೆ. ಮಾಡಿಸಬಹುದೇ?

ಉತ್ತರ: ನಾನು ಎಂಬಿಬಿಎಸ್ ಓದಿದವಳಲ್ಲ, ಅಕ್ಯುಪಂಕ್ಚರ್ ಮಾಡುವವಳು, ಬರೀ ಮೇಡಂ ಸಾಕು. ಮಾಡಿಸಬಹುದು, ಆದರೆ ‘ಬೇರುಸಹಿತ’ ಎಂದವರ ಬಳಿ ಬೇಡ. ಸವೆದ ಮೂಳೆಯನ್ನು ಯಾವ ಸೂಜಿಯೂ ಹೊಸದು ಮಾಡುವುದಿಲ್ಲ. ನೋವು ತಗ್ಗೀತು, ನಿದ್ದೆ ಹತ್ತೀತು, ಬಗ್ಗಿ ರಂಗೋಲಿ ಹಾಕಲು ಆದೀತು. ಹದಿನಾಲ್ಕು ವರ್ಷದಿಂದ ನಾನು ಕಂಡಿರುವುದು ಇಷ್ಟೇ, ಅದೂ ಎಲ್ಲರಲ್ಲಿ ಅಲ್ಲ.

ಅಮ್ಮನ ಕಣ್ಣ ಮುಂದಿರುವುದು ಇಂಜೆಕ್ಷನ್ ಸೂಜಿ. ನಮ್ಮದರಲ್ಲಿ ರಂಧ್ರವಿಲ್ಲ, ಔಷಧವಿಲ್ಲ. ದಪ್ಪ ಸುಮಾರು ಕಾಲು ಮಿಲಿಮೀಟರ್. ಪುಟ್ಟ ಪ್ಲಾಸ್ಟಿಕ್ ಕೊಳವೆಯೊಂದನ್ನು ಚರ್ಮದ ಮೇಲೆ ಒತ್ತಿ ಹಿಡಿಯುತ್ತೇನೆ. ಸೂಜಿಯ ತಲೆ ಕೊಳವೆಯಿಂದ ಒಂದಿಷ್ಟೇ ಹೊರಗೆ ಇಣುಕುತ್ತಿರುತ್ತದೆ. ಅದನ್ನು ತೋರುಬೆರಳಿನಿಂದ ಒಮ್ಮೆ ‘ಟಕ್’ ಎಂದು ತಟ್ಟಿದರೆ ಆಯಿತು. ಕೊಳವೆಯ ಒತ್ತಡವೇ ಮುಂದಾಗಿ, “ಯಾವಾಗ ಚುಚ್ಚುತ್ತೀರಿ?” ಎಂದು ಕೇಳಿದವರು ಎಷ್ಟೋ ಮಂದಿ. ಈ ಉಪಾಯವನ್ನು ಬಳಕೆಗೆ ತಂದವರು 17ನೇ ಶತಮಾನದ ಜಪಾನಿನ ಸುಗಿಯಾಮಾ ವಾಇಚಿ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ! ಅಲ್ಲಿ ಇಂದಿಗೂ ಅಂಧ ಚಿಕಿತ್ಸಕರು ಪರವಾನಗಿ ಪಡೆದು ಇದೇ ಕೆಲಸ ಮಾಡುತ್ತಾರೆ.

ಸೂಜಿ ಒಳಗೆ ಹೋದ ಮೇಲೆ ಭಾರವಾದಂತೆ, ಜೋಮು ಹಿಡಿದಂತೆ ಆಗುತ್ತದೆ. ಚೀನಾದವರು ಅದನ್ನು ‘ದಚೀ’, ಅಂದರೆ ಚೀ (ಅವರು ನಂಬುವ ಪ್ರಾಣಶಕ್ತಿ) ಬಂತು, ಎನ್ನುತ್ತಾರೆ. ಸೊಂಟನೋವಿಗೆ ಮಂಡಿಯ ಹಿಂದಿನ ಮಡಿಕೆಯಲ್ಲಿ ಚುಚ್ಚಿದರೆ ಗಾಬರಿಯಾಗಬೇಡಿ. ಅದು ವೇಯ್‌ಜುಂಗ್ ಎಂಬ ಬಿಂದು, ಅಂದರೆ ಸೂಜಿ ಚುಚ್ಚಲು ಗೊತ್ತುಮಾಡಿದ ಜಾಗಗಳಲ್ಲಿ ಒಂದು. ಸೊಂಟ, ಬೆನ್ನಿಗೆ ಅದನ್ನೇ ಹುಡುಕು ಎಂಬ ಹಳೆಯ ಪದ್ಯವನ್ನು ಅಲ್ಲಿನ ವಿದ್ಯಾರ್ಥಿಗಳು ನಾವು ಮಗ್ಗಿ ಕಲಿತಂತೆ ಬಾಯಿಪಾಠ ಮಾಡುತ್ತಾರೆ.

ಇನ್ನು ಮಾತ್ರೆಯ ಮಾತು. ಸೂಜಿಗಾಗಿ ಅದನ್ನು ಒಂದು ಹೊತ್ತೂ ನಿಲ್ಲಿಸಬೇಡಿ. ಮೊದಲು ಹೃದಯದ ಡಾಕ್ಟರನ್ನು ಕೇಳಿ. ಅವರು ಒಪ್ಪಿದರೂ ಚುಚ್ಚಿದ ಜಾಗ ಒಂದೆರಡು ಕಡೆ ಕಂದಬಹುದು. ರಕ್ತ ತೆಗೆಯುವ ಕಪ್ಪಿಂಗ್ ಮಾತ್ರ ಬೇಡವೇ ಬೇಡ. ಕಾಲಿನಲ್ಲಿ ಶಕ್ತಿ ಕುಂದಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ನಮ್ಮ ಬಳಿ ಬರಬೇಡಿ, ನೇರ ಆಸ್ಪತ್ರೆಗೆ ಓಡಿ.

ಇನ್ನೊಬ್ಬ ಸದಸ್ಯರು: ಎಲ್ಲಿ ಚುಚ್ಚಿದರೂ ಒಂದೇ ಎಂದು ಓದಿದ್ದೇನೆ. ಬಿಂದುಗಳೆಲ್ಲ ಬರೀ ಕಥೆಯೇ?

ಉತ್ತರ: ನನ್ನ ಸಹೋದ್ಯೋಗಿಗಳಿಗೆ ಇಷ್ಟವಾಗದ ಪ್ರಶ್ನೆ. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಸುಧಾರಿಸಿದವರು ಸರಿಯಾದ ಬಿಂದುಗಳಲ್ಲಿ ಚುಚ್ಚಿದಾಗ ಶೇ 48ರಷ್ಟು. ಬಿಂದುವಲ್ಲದ ಕಡೆ, ಆಳಕ್ಕಿಳಿಸದೆ ಚುಚ್ಚಿದಾಗ ಶೇ 44. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಗುಂಪಿನಲ್ಲಿ ಶೇ 27. ಮೊದಲ ಎರಡರ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಬಿಂದುವಿಗಿಂತ ಚುಚ್ಚುವಿಕೆ, ಅರ್ಧ ಗಂಟೆಯ ವಿಶ್ರಾಂತಿ, ವಾಸಿಯಾದೀತೆಂಬ ನಿರೀಕ್ಷೆ ಇವೇ ಹೆಚ್ಚು ಕೆಲಸ ಮಾಡುತ್ತಿರಬಹುದು. ನಾನು ಬಿಂದು ನೋಡಿಯೇ ಚುಚ್ಚುತ್ತೇನೆ. ಕಲಿತದ್ದು ಹಾಗೆ, ಮತ್ತು ಎಲ್ಲಿ ಚುಚ್ಚಬಾರದು ಎಂಬುದನ್ನು ಕಲಿಸಿದ್ದೂ ಅದೇ ಪಾಠ. ಹೆಗಲಿನ ಮೇಲೆ ಆಳ ತಪ್ಪಿದರೆ ಶ್ವಾಸಕೋಶಕ್ಕೆ ತೂತು ಬೀಳುತ್ತದೆ.

ಪ್ರಶ್ನೆ ಕೇಳಿದವರು: ಜೊತೆಗೆ ಚೀನೀ ಮೂಲಿಕೆಯ ಪುಡಿಯನ್ನೂ ಕೊಡುತ್ತಾರಂತೆ. ಮೂಲಿಕೆ ತಾನೇ, ತೊಂದರೆಯಿಲ್ಲವಲ್ಲ?

ಉತ್ತರ: ಮೂಲಿಕೆ ಎಂಬ ಕಾರಣಕ್ಕೇ ಹುಷಾರಾಗಿರಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆ ಸೇವಿಸಿದ ಹತ್ತಾರು ಮಹಿಳೆಯರ ಕಿಡ್ನಿ ಕೆಟ್ಟಿತು. ಒಂದು ಬೇರಿನ ಬದಲು ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ಬೇರು ಸೇರಿತ್ತು, ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿತ್ತು. ನಮ್ಮ ಬೇಲಿಯ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಹೃದಯದ ಮಾತ್ರೆ ನುಂಗುವವರಿಗೆ ಹೆಸರಿಲ್ಲದ ಪುಡಿ ಕೊಟ್ಟರೆ ಅಲ್ಲಿಯೇ ಬಿಟ್ಟು ಬನ್ನಿ.

ಪ್ರಶ್ನೆ ಕೇಳಿದವರು: ಸರಿ ಮೇಡಂ. ಮೊದಲ ದಿನ ಏನು ನೋಡಬೇಕು?

ಉತ್ತರ: ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯಬೇಕು, ಬಳಸಿದ ಸೂಜಿ ಡಬ್ಬಿಗೆ ಬೀಳಬೇಕು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳದೆ ಸೂಜಿ ಎತ್ತಿಕೊಂಡರೆ ಎದ್ದು ಬನ್ನಿ. ಐದಾರು ಸಲಕ್ಕೆ ಏನೂ ಗುಣ ಕಾಣದಿದ್ದರೆ ಹತ್ತರ ತನಕ ಕಾಯಬೇಡಿ. ಮತ್ತೆ, ಅಮ್ಮನಿಗೆ ತಿಂಡಿ ಕೊಟ್ಟೇ ಕರೆದೊಯ್ಯಿರಿ. ಕಲಿಯುವ ಕಾಲದಲ್ಲಿ ನಾನು ಕೇಳದೆ ಚುಚ್ಚಿದ್ದೆ. ಅಂದು ಏಕಾದಶಿ, ಆ ಅಜ್ಜಿ ಉಪವಾಸವಿದ್ದರು. ಮೂರನೆಯ ಸೂಜಿಗೇ ಬೆವತು ಕುಸಿದರು.