ಸಹಾಯ ಬೇಕು: ಕಫದಲ್ಲಿ ರಕ್ತ, ಎಕ್ಸ್‌ರೇ ಮಾತ್ರ ಸಹಜ
ಹಲವು ವರ್ಷಗಳಿಂದ ಸಿಗರೇಟು ಸೇದುವ, 26ರ ಹರೆಯದ ನನ್ನ ತಮ್ಮನಿಗೆ ಬೆಳಿಗ್ಗೆ ಕೆಮ್ಮಿದಾಗ ಬಿಳಿ ಕಫದ ನಡುವೆ ಕೆಂಪು ಎಳೆಗಳಂತೆ ರಕ್ತ ಕಾಣಿಸಿಕೊಳ್ಳುತ್ತಿದೆ. ಜ್ವರವಾಗಲಿ, ತೂಕ ಇಳಿಕೆಯಾಗಲಿ ಇಲ್ಲ. ರಕ್ತ ಮೂಗು, ವಸಡುಗಳಿಂದ ಬರುತ್ತಿಲ್ಲವೆಂದು ವೈದ್ಯರು ನೋಡಿ ಹೇಳಿದ್ದಾರೆ. ಎದೆಯ ಎಕ್ಸ್‌ರೇ ಸಹಜವಾಗಿದ್ದು, ಕ್ಷಯಕ್ಕಾಗಿ ಮಾಡಿಸಿದ ಕಫ ಪರೀಕ್ಷೆಯೂ ನೆಗೆಟಿವ್ ಬಂದಿದೆ. ಶ್ವಾಸನಾಳದ ಉರಿಯೂತವಿರಬಹುದೆಂದು ಕೊಟ್ಟ ಆಂಟಿಬಯಾಟಿಕ್ ಮುಗಿದರೂ ರಕ್ತ ನಿಂತಿಲ್ಲ. ಈ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪರೂಪವೆಂಬುದು ಗೊತ್ತು (ಅದನ್ನೇ ನೆಪ ಮಾಡಿಕೊಂಡು ಅವನು ಇನ್ನೂ ಸೇದುತ್ತಿದ್ದಾನೆ). ಆದರೆ ಶ್ವಾಸನಾಳಗಳು ಹಿಗ್ಗುವ ಬ್ರಾಂಕಿಯೆಕ್ಟಾಸಿಸ್ ಅಥವಾ ನಾಳದೊಳಗಿನ ಸಣ್ಣ ಗೆಡ್ಡೆ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದಾದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು, ವಿಶೇಷವಾಗಿ ಶ್ವಾಸಕೋಶ ತಜ್ಞರು, ದಯವಿಟ್ಟು ತಿಳಿಸಿ: ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸಬೇಕೇ, ಅಥವಾ ನೇರವಾಗಿ ಬ್ರಾಂಕೋಸ್ಕೋಪಿಗೇ (ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಶ್ವಾಸನಾಳದ ಒಳಗೆ ನೋಡುವ ಪರೀಕ್ಷೆ) ಹೋಗಬೇಕೇ?