ಬಾಖ್ ಲೈಪ್‌ಜಿಗ್ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕರೇ? ಕರಪತ್ರದ ಒಂದು ಸಾಲಿನ ಬಗ್ಗೆ

ಬೆಂದೂರ್ ಆಲ್ಟೊ: 18ನೇ ಶತಮಾನದ ಜರ್ಮನ್ ಸಂಗೀತ ರಚನಕಾರ ಬಾಖ್ ಅವರ ಕೃತಿಗಳ ಸಂಜೆಯೊಂದಕ್ಕೆ ಮಂಗಳೂರಿನ ಕಾಲೇಜು ಕಾಯರ್ (ಗಾಯನವೃಂದ) ಒಂದರ ಕರಪತ್ರ ತಯಾರಾಗ್ತಾ ಉಂಟು. ಕರಡಿನಲ್ಲಿ ಹೀಗಿದೆ: "ಬಾಖ್ 1723ರಿಂದ ಕೊನೆಯವರೆಗೂ ಲೈಪ್‌ಜಿಗ್ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕರಾಗಿದ್ದರು." ಹಾಗೇ ಅಚ್ಚಿಗೆ ಕೊಡಬಹುದಾ? ಹಾಡುವುದು "ಡೆರ್ ಗೈಸ್ಟ್ ಹಿಲ್ಫ್ಟ್", ಬಿಡಬ್ಲ್ಯುವಿ (ಬಾಖ್ ಕೃತಿಪಟ್ಟಿಯ ಸಂಖ್ಯೆ) 226, ಎರಡು ಕಾಯರಿನ ಮೋಟೆಟ್ (ಧಾರ್ಮಿಕ ಸಮೂಹಗೀತೆ). ಮುಖಪುಟಕ್ಕೆ ಥಾಮಸ್ ಚರ್ಚಿನ ಚಿತ್ರ.

ಮಣಿಪಾಲ್ ಕಂಟಿನ್ಯುವೊ: ಕೊಡಬೇಡಿ. ಅವರನ್ನು ನೇಮಿಸಿದ್ದು ನಗರಸಭೆ, ಹುದ್ದೆ ಥಾಮಸ್ ಶಾಲೆಯ ಕ್ಯಾಂಟರ್, ಅಂದರೆ ಶಾಲೆಯ ಮತ್ತು ನಗರದ ಚರ್ಚುಗಳ ಸಂಗೀತದ ಹೊಣೆಗಾರ. ವಿಶ್ವವಿದ್ಯಾಲಯದ್ದು ಪೌಲಿನರ್ ಚರ್ಚ್, ಅಲ್ಲಿ ಎರಡು ಬಗೆಯ ಆರಾಧನೆ ನಡೀತಿತ್ತು. ದೊಡ್ಡ ಹಬ್ಬಗಳು, ರಿಫಾರ್ಮೇಶನ್ ದಿನ, ಮೂರು ತಿಂಗಳಿಗೊಮ್ಮೆಯ ಭಾಷಣ ಸಮಾರಂಭ, ಇವೆಲ್ಲ "ಹಳೆಯ ಆರಾಧನೆ". 1710ರಲ್ಲಿ ಶುರುವಾದ ಭಾನುವಾರದ ಆರಾಧನೆ "ಹೊಸದು". ಹಿಂದಿನ ಕ್ಯಾಂಟರ್ ಕುನಾವ್ ಎರಡನ್ನೂ ನೋಡಿಕೊಳ್ಳುತ್ತಿದ್ದರು. 1722ರಲ್ಲಿ ಅವರು ತೀರಿಕೊಂಡರು. ಬಾಖ್ ಬಂದು ಅಧಿಕಾರ ವಹಿಸುವ ಮೊದಲೇ ಹೊಸ ಆರಾಧನೆ ಗೋರ್ನರ್ ಎಂಬ ಆರ್ಗನ್ ವಾದಕರ ಕೈಸೇರಿತ್ತು. ವಾರವಾರದ ಕೆಲಸ ಇನ್ನೊಬ್ಬರದ್ದಾದ ಮೇಲೆ ಇವರನ್ನು ನಿರ್ದೇಶಕ ಅಂತ ಹೇಗೆ ಬರೆಯೋದು?

ಕದ್ರಿ ಗುಡ್ಡೆ: ಅಷ್ಟು ಸುಲಭದಲ್ಲಿ ತಳ್ಳಿಹಾಕಬೇಡಿ ಮಾರಾಯ್ರೆ. ಬಾಖ್ ಸುಮ್ಮನೆ ಕೂತಿರಲಿಲ್ಲ. 1725ರ ಸೆಪ್ಟೆಂಬರ್, ನವೆಂಬರ್, ಡಿಸೆಂಬರಿನಲ್ಲಿ ಒಂದರ ಹಿಂದೆ ಒಂದು ಮೂರು ಅರ್ಜಿಗಳನ್ನು ನೇರ ಸ್ಯಾಕ್ಸನಿಯ ದೊರೆಗೇ ಬರೆದರು. 1726ರ ಜನವರಿಯಲ್ಲಿ ತೀರ್ಪು ಬಂತು: ಹಳೆಯ ಆರಾಧನೆ, ಅದರ ಸಂಭಾವನೆ ಎರಡೂ ಬಾಖ್ ಅವರಿಗೆ, ಹೊಸದನ್ನು ಯಾರಿಗೆ ಕೊಡುವುದು ಎಂಬುದು ವಿಶ್ವವಿದ್ಯಾಲಯದ ಇಷ್ಟ. ದೊರೆಯೇ ಒಪ್ಪಿದ ಹಕ್ಕು ಅದು. ಅದನ್ನು ಕರಪತ್ರದಲ್ಲಿ ಬಿಟ್ಟುಬಿಟ್ಟರೆ ಅನ್ಯಾಯ.

ಮಣಿಪಾಲ್ ಕಂಟಿನ್ಯುವೊ: ಹಕ್ಕು ಇತ್ತು, ಒಪ್ಪುತ್ತೇನೆ. ಆದರೆ ವಿಶ್ವವಿದ್ಯಾಲಯ ಅವರನ್ನು ಹೇಗೆ ಕಂಡಿತು ಅನ್ನೋದಕ್ಕೆ 1727 ನೋಡಿ. ರಾಣಿ ಕ್ರಿಸ್ಟಿಯಾನೆ ಎಬರ್‌ಹಾರ್ಡಿನೆ ತೀರಿಕೊಂಡಾಗ ಕಿರ್ಖ್‌ಬಾಖ್ ಎಂಬ ವಿದ್ಯಾರ್ಥಿ ಪೌಲಿನರ್ ಚರ್ಚಿನಲ್ಲಿ ಶೋಕಸಭೆ ಏರ್ಪಡಿಸಿ, ಪದ್ಯ ಗಾಟ್‌ಶೆಡ್ ಅವರಿಂದಲೂ ಸಂಗೀತ ಬಾಖ್ ಅವರಿಂದಲೂ ಬರೆಸಿದ. ಗೋರ್ನರ್ ತಕರಾರು ತೆಗೆದರು. ಕಿರ್ಖ್‌ಬಾಖ್ ಗೋರ್ನರ್‌ಗೆ 12 ಥಾಲರ್ (ಬೆಳ್ಳಿ ನಾಣ್ಯ) ಕೊಟ್ಟು ಸಮಾಧಾನ ಮಾಡಬೇಕಾಯಿತು. ಇದನ್ನು ಮುಂದೆ ಹಕ್ಕಾಗಿ ಕೇಳುವುದಿಲ್ಲ ಎಂದು ಬಾಖ್ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲು ವಿಶ್ವವಿದ್ಯಾಲಯ ಗುಮಾಸ್ತನನ್ನು ಕಳಿಸಿತು. ಬಾಖ್ ಸಹಿ ಹಾಕಲಿಲ್ಲ. ಹಸ್ತಪ್ರತಿಯ ಕೊನೆಯಲ್ಲಿರುವ ತಾರೀಕು ಅಕ್ಟೋಬರ್ 15, ಪ್ರದರ್ಶನ 17ಕ್ಕೆ. ಆ ಶೋಕಕೃತಿಯ (ಬಿಡಬ್ಲ್ಯುವಿ 198) ಪಾರ್ಟುಗಳನ್ನು, ಅಂದರೆ ಒಬ್ಬೊಬ್ಬ ಕಲಾವಿದರ ಸ್ವರಹಾಳೆಗಳನ್ನು, ನಕಲು ಮಾಡಿ ತಾಲೀಮು ಮುಗಿಸಲು ಉಳಿದದ್ದು ಅಷ್ಟೇ ಸಮಯ!

ಉಳ್ಳಾಲ ಬಸೂನ್: ಇಬ್ಬರೂ ಹುದ್ದೆಯ ಸುತ್ತಲೇ ತಿರುಗುತ್ತಿದ್ದೀರಿ. ನಿಜವಾದ ನಂಟು ವಿದ್ಯಾರ್ಥಿಗಳ ಮೂಲಕ. 1730ರ ಆಗಸ್ಟಿನಲ್ಲಿ ನಗರಸಭೆಗೆ ಕೊಟ್ಟ ಮನವಿಯಲ್ಲಿ ಬಾಖ್ ಲೆಕ್ಕ ಇಟ್ಟಿದ್ದಾರೆ: ನಗರದ ಪಗಾರದಲ್ಲಿದ್ದ ವಾದಕರು ಎಂಟೇ ಜನ, ಅದರಲ್ಲಿ ಒಬ್ಬ ಶಿಷ್ಯ. ಒಂದು ಕಾಯರಿಗೆ ಕನಿಷ್ಠ 12, ಸಾಧ್ಯವಾದರೆ 16 ಗಾಯಕರು ಬೇಕು. ಉಳಿದ ಜಾಗಗಳನ್ನು ವಿಶ್ವವಿದ್ಯಾಲಯದ ಹುಡುಗರು ತುಂಬುತ್ತಿದ್ದರು. ಅವರಿಗೆ ಸಿಗುತ್ತಿದ್ದ ಚಿಲ್ಲರೆ ಸಂಭಾವನೆಯನ್ನು ನಿಲ್ಲಿಸಿದ್ದರಿಂದ ಯಾರೂ ಬರುತ್ತಿಲ್ಲ ಎಂಬುದೇ ದೂರು. ಕೊಲೇಜಿಯಂ ಮ್ಯೂಸಿಕಮ್ ಎಂಬ ಸಂಗೀತ ಕೂಟ ಕೂಡ ವಿದ್ಯಾರ್ಥಿಗಳದ್ದೇ. ಕಾನೂನು ಓದಲು ಬಂದಿದ್ದ ಟೆಲಿಮನ್ ಕಟ್ಟಿದ ಗುಂಪನ್ನು 1729ರಲ್ಲಿ ಬಾಖ್ ವಹಿಸಿಕೊಂಡರು. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ 8ರಿಂದ 10 ಝಿಮರ್‌ಮನ್ ಕಾಫಿ ಹೌಸಿನಲ್ಲಿ, ಬೇಸಿಗೆಯಲ್ಲಿ ಬುಧವಾರ 4ರಿಂದ 6 ತೋಟದಲ್ಲಿ.

ಕದ್ರಿ ಗುಡ್ಡೆ: ಪ್ರೊಫೆಸರುಗಳನ್ನೂ ಸೇರಿಸಿ. ಕೊರ್ಟೆ 1726ರಲ್ಲಿ ಕಾನೂನು ಪ್ರಾಧ್ಯಾಪಕರಾದಾಗ ಬಾಖ್ ಬರೆದದ್ದು ಬಿಡಬ್ಲ್ಯುವಿ 207. ಅದರ ಮೊದಲ ಕೋರಸ್ ತಮ್ಮದೇ ವಾದ್ಯಕೃತಿಯಾದ ಒಂದನೇ ಬ್ರಾಂಡನ್‌ಬರ್ಗ್ ಕಾನ್ಚೆರ್ಟೊದ ಮೂರನೇ ಭಾಗವನ್ನೇ ತಿದ್ದಿ ಕಟ್ಟಿದ್ದು. ಈಗ ಹಾಡುವ 226 ಕೂಡ ಅದೇ ಸಾಲಿನದು. ಥಾಮಸ್ ಶಾಲೆಯ ರೆಕ್ಟರ್ ಹಾಗೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರ್ನೆಸ್ಟಿ ಅವರ ಅಂತ್ಯಕ್ರಿಯೆಗೆ, 1729ರ ಅಕ್ಟೋಬರ್ 20ರಂದು ಹಾಡಿದ್ದು, ಅದೂ ಪೌಲಿನರ್ ಚರ್ಚಿನಲ್ಲಿ. ಹಾಗಾಗಿ ಮುಖಪುಟಕ್ಕೆ ಥಾಮಸ್ ಚರ್ಚ್ ಬೇಡ. ಪೌಲಿನರ್ ಚರ್ಚನ್ನು 1968ರ ಮೇ 30ರಂದು ಪೂರ್ವ ಜರ್ಮನಿ ಸರಕಾರ ಸಿಡಿಸಿ ಕೆಡವಿತು, ಹಳೆಯ ಕೆತ್ತನೆ ಚಿತ್ರವನ್ನೇ ಹುಡುಕಬೇಕು.

ಬೆಂದೂರ್ ಆಲ್ಟೊ: ಚಿತ್ರ ಬದಲಾಯಿಸ್ತೇವೆ. ವಾದ್ಯ ಬೇಕೇಬೇಕಾ? ಊರಿನಲ್ಲಿ ಓಬೋ ಸಿಗುವುದಿಲ್ಲ.

ಉಳ್ಳಾಲ ಬಸೂನ್: ಮೂಲ ಪಾರ್ಟುಗಳಲ್ಲಿ ಮೊದಲ ಕಾಯರಿನ ಜೊತೆ ತಂತಿವಾದ್ಯ, ಎರಡನೆಯದರ ಜೊತೆ ಎರಡು ಓಬೋ, ಒಂದು ತೈ (ತಗ್ಗು ದನಿಯ ಓಬೋ), ಬಸೂನ್. ಗಾಯಕರ ಸ್ವರವನ್ನೇ ನುಡಿಸುತ್ತವೆ, ಬೇರೆ ಏನೂ ಇಲ್ಲ. ಎಂಟು ದನಿಗೆ ಇಬ್ಬಿಬ್ಬರಂತೆ 16 ಜನ ಇದ್ದರೆ ಸಾಕು, ಆದರೆ ಆಸರೆ ಇಲ್ಲದಿದ್ದರೆ ಶ್ರುತಿ ಇಳಿಯುತ್ತದೆ. ಬ್ಯಾಂಡಿನ ಕ್ಲಾರಿನೆಟ್ ಹಾಕಿ. ಕೃತಿ ಬಿ ಫ್ಲ್ಯಾಟ್ ಮೇಜರ್, ಬಿ ಫ್ಲ್ಯಾಟ್ ಕ್ಲಾರಿನೆಟಿಗೆ ಅದು ಸಿ ಮೇಜರ್ ಆಗಿ ಬರ್ತದೆ, ಸಲೀಸು.

ಮಣಿಪಾಲ್ ಕಂಟಿನ್ಯುವೊ: ಅಲ್ಲೇ ತೊಡಕು. ಎಳೆಯ ಸೊಪ್ರಾನೊಗಳಿಗೆ ಈ ಎತ್ತರ ಕಷ್ಟ ಅಂತ 415 ಹರ್ಟ್ಸ್ ಶ್ರುತಿಗೆ, ಅಂದರೆ ಅರ್ಧ ಸ್ವರ ಇಳಿಸಿದರೆ ಅದೇ ಕ್ಲಾರಿನೆಟಿಗೆ ಬಿ ಮೇಜರ್, ಐದು ಶಾರ್ಪ್. ಗೈಸ್ಟ್ ಎಂಬ ಪದದ ಮೇಲೆ ಓಡುವ ಹದಿನಾರನೇ ಸ್ವರಗಳಲ್ಲಿ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಇಳಿಸುವುದಾದರೆ ಬಿ ಫ್ಲ್ಯಾಟಿಗಿಂತ ಅರ್ಧ ಸ್ವರ ತಗ್ಗಿನ ಎ ಕ್ಲಾರಿನೆಟ್ ತರಿಸಿ, ಇಲ್ಲವೇ ಎರಡೂ ಕಾಯರಿಗೆ ವಯಲಿನ್, ವಯೋಲಾ, ಚೆಲ್ಲೊ ಕೊಡಿ. ಎ ಮೇಜರ್ ಅವಕ್ಕೆ ಹಗುರ. ಕೀಬೋರ್ಡಿನಲ್ಲಿ ನುಡಿಸುವ ಕಂಟಿನ್ಯುವೊಗೆ (ತಗ್ಗು ಸ್ವರದ ಆಧಾರ ವಾದನ) ಟ್ರಾನ್ಸ್‌ಪೋಸ್ ಮೈನಸ್ ಒಂದು, ಅಂದರೆ ಅರ್ಧ ಸ್ವರ ಕೆಳಗೆ.

ಕದ್ರಿ ಗುಡ್ಡೆ: ಎಲ್ಲ ತಂತಿವಾದ್ಯ ಮಾಡಿದರೆ ಎರಡು ಕಾಯರಿನ ಬಣ್ಣ ಒಂದೇ ಆಗಿ ಸವಾಲ್-ಜವಾಬ್ ಕೇಳಿಸುವುದೇ ಇಲ್ಲ. ಎ ಕ್ಲಾರಿನೆಟ್‌ಗೇ ನನ್ನ ಮತ. ಸಾಲನ್ನು ಹೀಗೆ ಬರೆಯಿರಿ: "ನಗರದ ಕ್ಯಾಂಟರ್ ಆಗಿದ್ದ ಬಾಖ್, ವಿಶ್ವವಿದ್ಯಾಲಯದ ಹಬ್ಬದ ಆರಾಧನೆಗಳ ಸಂಗೀತದ ಹೊಣೆ ಹೊತ್ತಿದ್ದರು, ಈ ಮೋಟೆಟ್ ಅಲ್ಲಿಯ ಪ್ರಾಧ್ಯಾಪಕರೊಬ್ಬರ ಅಂತ್ಯಕ್ರಿಯೆಗೆ ಬರೆದದ್ದು."

ಮಣಿಪಾಲ್ ಕಂಟಿನ್ಯುವೊ: ಈ ಸಾಲಿಗೆ ನನ್ನ ಒಪ್ಪಿಗೆ ಉಂಟು. ಭಾನುವಾರದ ಆರಾಧನೆ ಗೋರ್ನರ್ ಅವರದ್ದು ಎಂದೂ ಸೇರಿಸಿ.

ಉಳ್ಳಾಲ ಬಸೂನ್: ಇನ್ನೊಂದು. ಕೊನೆಯ ಕೋರಾಲ್ (ಚರ್ಚಿನ ಸರಳ ಸ್ತುತಿಗೀತೆ) ವಾದ್ಯದ ಪಾರ್ಟುಗಳಲ್ಲಿ ಇಲ್ಲ. ಅದರ ಹಿಂದಿನ ಫ್ಯೂಗ್ (ದನಿಗಳು ಒಂದರ ಹಿಂದೆ ಒಂದು ಅದೇ ಧಾಟಿ ಹಿಡಿಯುವ ಭಾಗ) ಮುಗಿದ ಕೂಡಲೇ ವಾದ್ಯ ನಿಲ್ಲಬೇಕು, ಎರಡೂ ಕಾಯರ್ ನಾಲ್ಕೇ ದನಿಯಾಗಿ ಹಾಡಬೇಕು. ಅದುವರೆಗೆ ಶ್ರುತಿ ಜಾರಿದ್ದರೆ ಅಲ್ಲಿ ಗೊತ್ತಾಗುತ್ತದೆ, ಆದ್ದರಿಂದ ತಾಲೀಮನ್ನು ಕೋರಾಲ್‌ನಿಂದಲೇ ಶುರುಮಾಡಿ.