ಅಪ್‌ಡೇಟ್: ಡಿಫರೆನ್ಷಿಯಲ್ ಆಯಿಲ್ ಲೀಕ್ ನಿಂತಿತು

ನನ್ನ ರಿಯರ್ ವೀಲ್ ಡ್ರೈವ್ ಸ್ಪೋರ್ಟ್ಸ್ ಸೆಡಾನ್‌ನ ಡಿಫರೆನ್ಷಿಯಲ್‌ನಿಂದ (ಎಂಜಿನ್ ಶಕ್ತಿಯನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಒಸರುತ್ತಿದೆ, ಅದನ್ನು ಪೂರ್ತಿ ಇಳಿಸಬೇಕಾ ಎಂದು ಇಲ್ಲಿ ಕೇಳಿದ್ದೆ. ಬೇಕಾಗಲಿಲ್ಲ. ಹೋಗಿದ್ದು ಎಡಗಡೆ ಆಕ್ಸಲ್ ಸೇರುವ ಜಾಗದ ಸೀಲ್ (ಆಯಿಲ್ ತಡೆಯುವ ರಬ್ಬರ್ ರಿಂಗ್) ಮಾತ್ರ. ಮುಂದಿನಿಂದ ಶಕ್ತಿ ತರುವ ಶಾಫ್ಟ್ ಸೇರುವ ಜಾಗದ ಪಿನಿಯನ್ ಸೀಲ್ ಚೆನ್ನಾಗಿಯೇ ಇತ್ತು. ದೊಡ್ಡ ಸಮಾಧಾನ, ಯಾಕಂದ್ರೆ ಪಿನಿಯನ್ ನಟ್ ಬಿಚ್ಚಿದರೆ ಬೇರಿಂಗ್ ಪ್ರೀಲೋಡ್ (ಬೇರಿಂಗ್ ಮೇಲಿನ ನಿಗದಿತ ಬಿಗಿ) ಮತ್ತೆ ಸರಿಯಾಗಿ ಕೂರಿಸಬೇಕು.

ನಿಮ್ಮಲ್ಲಿ ಒಬ್ಬರು ಮೊದಲು ಬ್ರೀದರ್ (ಡಿಫರೆನ್ಷಿಯಲ್ ಒಳಗಿನ ಗಾಳಿ ಹೊರಹೋಗುವ ಸಣ್ಣ ದಾರಿ) ನೋಡಿ ಅಂದಿದ್ರು ಅಲ್ವಾ, ಅದೇ ನಿಜವಾಯಿತು. ಕೆಸರು, ಧೂಳು ಸೇರಿ ಕಟ್ಟಿಕೊಂಡಿತ್ತು. ಆಯಿಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಒತ್ತಡವೆಲ್ಲ ಸೀಲ್ ಮೇಲೆ. ಸುಮ್ನೆ ಸೀಲ್ ಬದಲಿಸಿದ್ದರೆ ಹೊಸದೂ ಸೋರುತ್ತಿತ್ತು.

ಸೀಲ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಮೆಕ್ಯಾನಿಕ್ ಅಣ್ಣ ಡ್ರೇನ್ ಬೋಲ್ಟ್ ಮುಟ್ಟುವ ಮೊದಲೇ ಮೇಲಿನ ಫಿಲ್ಲರ್ ಬೋಲ್ಟ್ ಸಡಿಲಿಸಿ ನೋಡಿದರು. ಅದು ಜಾಮ್ ಆಗಿದ್ದರೆ, ಖಾಲಿ ಮಾಡಿದ ಮೇಲೆ ತುಂಬೋದು ಎಲ್ಲಿಂದ? ಈ ಎಚ್ಚರ ನನಗೆ ತುಂಬಾ ಹಿಡಿಸಿತು. ಫ್ಲಾಂಜ್ (ಆಕ್ಸಲ್ ಜೋಡಿಸುವ ಭಾಗ) ಮೇಲೆ ಸೀಲ್ ಕೂರುವ ಜಾಗದಲ್ಲಿ ಗೀರು ಇರಲಿಲ್ಲ. ನನ್ನದು ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ) ಡಿಫರೆನ್ಷಿಯಲ್ ಆದ್ದರಿಂದ ಮ್ಯಾನ್ಯುಯಲ್ ಹೇಳಿದಂತೆ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆ ಹದಗೊಳಿಸುವ ಮಿಶ್ರಣ) ಇರುವ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿಸಿದೆ.

ನಂದಿ ಬೆಟ್ಟಕ್ಕೆ ಹೋಗಿ ಬಂದು ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಹನಿಯೂ ಇಲ್ಲ. ಬ್ರೀದರ್ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.